ಮೂಲೆಮನೆ ದೊಡ್ಡಮ್ಮ

“ನಾಳೆ ಬೂತಿನಲ್ಲಿ ನಾನು ಕೂರೋದಿಲ್ಲ. ಅವನಿಗೆ ಹೇಳಿ ಕಳಿಸಿದೀನಿ,” ಎಂದು ಅಪ್ಪ, ಚಹಾದ ಲೋಟ ತಂದ ಮಗಳಿಗೆ ಹೇಳಿದರು.

ಅವನು ಎಂದರೆ ಬೀದಿ ಕೊನೆಯ ಸಲೂನ್ ಮಾಮ. ಅಪ್ಪ ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿದಾಗಿನಿಂದ ಅವರ ತಲೆಗೆ ಕತ್ತರಿ ಹಾಕಿದವನು ಅವನೊಬ್ಬನೇ. ಅಮ್ಮ ಅವನನ್ನು ತಮ್ಮ ಎಂದೇ ಕರೆಯುತ್ತಿದ್ದಳು. ಮಗಳಿಗೆ ಅವನು ಮಾಮ ಆದದ್ದು ಹಾಗೆ. ಮಕ್ಕಳಾಡುವ ಮೈದಾನವನ್ನು ಯಾರೋ ದೊಡ್ಡವರು ನುಂಗಿ ಅಂಗಡಿ ಸಾಲು ಎಬ್ಬಿಸಲು ಹೊರಟಾಗ, ಹೇಳೋರು ಕೇಳೋರು ಇಲ್ಲವೇ ಎಂದು ಕೂಗಾಡಿ, ಕೊನೆಗೆ ತಾನೇ ವಾರ್ಡಿನ ಚುನಾವಣೆಗೆ ನಿಂತುಬಿಟ್ಟಿದ್ದ. ಪಕ್ಷವಿಲ್ಲ, ಜೀಪಿಲ್ಲ, ಜೈಕಾರವಿಲ್ಲ. ಇದ್ದದ್ದು ಎರಡು ತಿರುಗುವ ಕುರ್ಚಿ, ಮತ್ತು ಮತದಾನದ ದಿನ ಅವನ ಏಜೆಂಟಾಗಿ ಕೂರಬೇಕಿದ್ದ ಅಪ್ಪ.

“ಯಾಕಪ್ಪಾ, ಏನಾಯ್ತು?”

“ಏನಾಯ್ತು ಅಂತೀಯಲ್ಲ! ಮೈದಾನ ಬಿಟ್ಟುಕೊಡೋಕೆ ಅಡ್ವಾನ್ಸ್ ಇಸ್ಕೊಂಡಿದಾನಂತೆ. ಹೊಟ್ಟೆಯೊಳಗೆ ಇಷ್ಟು ವಿಷ ಇಟ್ಕೊಂಡು ನನ್ನ ಕುತ್ತಿಗೆ ಮೇಲೆ ಕತ್ತಿ ಆಡಿಸ್ತಿದ್ದ, ನೋಡು!”

“ಯಾರು ಹೇಳಿದ್ದು?”

“ಮೂಲೆಮನೆ ದೊಡ್ಡಮ್ಮ.” ಅಪ್ಪ ಫೋನು ಎತ್ತಿ ತೋರಿಸಿದರು. “ಆಯಮ್ಮ ಸುಳ್ಳು ಹೇಳೋಳಲ್ಲ.”

ಅಯ್ಯೋ ಶಿವನೇ! ದೊಡ್ಡಮ್ಮ ಸುಳ್ಳು ಹೇಳುವವಳಲ್ಲವಂತೆ! ದೊಡ್ಡಮ್ಮನೇ ಸುಳ್ಳು ಮಾರಾಯರೇ. ಅವಳಿಗೆ ಮನೆಯೂ ಇಲ್ಲ, ಮೂಲೆಯೂ ಇಲ್ಲ. ಫೋನಿನೊಳಗೆ ಹುಟ್ಟಿ ಫೋನಿನೊಳಗೇ ಬೆಳೆದವಳು. ಅವಳನ್ನು ಹೆತ್ತವಳು ಇಲ್ಲೇ ಅಪ್ಪನ ಎದುರು ಲೋಟ ಹಿಡಿದು ನಿಂತಿದ್ದಳು.

ಮಗಳು ಕೆಲಸ ಮಾಡುತ್ತಿದ್ದದ್ದು ಜಾಹೀರಾತು ಕಂಪನಿಯಲ್ಲಿ. ಮನೆಯಲ್ಲಿ ಹೇಳಿದ್ದು ಅಷ್ಟೇ. ಟೈಲ್ಸ್ ಅಂಗಡಿಯ ಮೇಲಿನ ಮಹಡಿ, ಸದಾ ಪರದೆ ಎಳೆದ ಕಿಟಕಿ, ಉದ್ದನೆಯ ಮೇಜು, ಅದರ ಸುತ್ತ, ಇಲ್ಲದವರ ಹೆಸರಿನಲ್ಲಿ ಖಾತೆ ತೆರೆದು ಬರೆಯುವ ಹುಡುಗ ಹುಡುಗಿಯರು. ಒಬ್ಬ ಹುಡುಗ ಅಲ್ಲಿ ನಿವೃತ್ತ ಮೇಷ್ಟ್ರು. ಪಕ್ಕದ ಹುಡುಗಿ ಮಾಜಿ ಸೈನಿಕ, ಫೋಟೋದಲ್ಲಿ ಮೀಸೆ ಬೇರೆ. ಇವಳ ಪಾಲಿಗೆ ಬಿದ್ದವಳು ದೊಡ್ಡಮ್ಮ. ಮೊದಮೊದಲು ಕೆಮ್ಮಿಗೆ ಮನೆಮದ್ದು, ಬಟ್ಟೆಯ ಕಲೆ ತೆಗೆಯುವ ಉಪಾಯ. ಜನ ಹತ್ತಿರವಾದ ಮೇಲೆ ಮೆಲ್ಲಗೆ ರಾಜಕೀಯ. ವಯಸ್ಸಾದ ಹೆಂಗಸು ಹೇಗೆ ಮಾತಾಡುತ್ತಾಳೆಂದು ಇವಳಿಗೆ ಗೊತ್ತಿದ್ದದ್ದು ಹೋದ ವರ್ಷ ತೀರಿಕೊಂಡ ಅಮ್ಮನಿಂದ ಮಾತ್ರ. ಅಮ್ಮನ ಗದರಿಕೆ, ಕೊಂಕು, ನಡುವೆ ತಟ್ಟನೆ ಉಕ್ಕುವ ಮುದ್ದು, ಎಲ್ಲವನ್ನೂ ದೊಡ್ಡಮ್ಮನ ಬಾಯಿಗೆ ತುಂಬಿದಳು. ಸುಳ್ಳೇಕೆ ಹೇಳಬೇಕು, ಬರೆಯುವಾಗ ಹಿತವಾಗುತ್ತಿತ್ತು. ಊರಿಗೆ ಊರೇ ದೊಡ್ಡಮ್ಮನ ಹಿಂದೆ ಬಿತ್ತು. ಅಪ್ಪನೂ ಬಿದ್ದಿದ್ದಾರೆಂದು ತಿಳಿದದ್ದು ಈಗ.

ಕೆಸರೆರಚಬೇಕಾದವರ ಪಟ್ಟಿಯಲ್ಲಿ ಮಾಮನ ಹೆಸರು ಬಂದ ದಿನ ಇವಳ ಕೈ ತಡೆದಿತ್ತು. “ಇವರನ್ನ ಬಿಟ್ಬಿಡಿ ಸರ್, ಒಳ್ಳೆಯವರು,” ಎಂದಿದ್ದಳು. “ಅಷ್ಟು ಒಳ್ಳೆಯವರಾದ್ರೆ ಯಾರೂ ನಂಬಲ್ಲ, ಬರಿಯಮ್ಮ,” ಎಂದಿದ್ದ ಟೀಮ್ ಲೀಡರ್. ಅದೂ ಸರಿ ಎನಿಸಿತು. ಮಾಮನ ಬಗ್ಗೆ ಇಂಥದ್ದನ್ನು ಯಾರು ನಂಬಿಯಾರು ಎಂದುಕೊಂಡೇ ಬರೆದಳು. ಥೂ, ಬುದ್ಧಿಗಿಷ್ಟು ಬೆಂಕಿ ಹಾಕ!

ಈಗ ಒಳಕೋಣೆಗೆ ಓಡಿ ಬಾಗಿಲು ಹಾಕಿಕೊಂಡು, ದೊಡ್ಡಮ್ಮನ ಹೆಸರಿನಲ್ಲಿ ಬರೆದಳು: ‘ಸಲೂನಿನವರ ಬಗ್ಗೆ ನಾನು ಹೇಳಿದ್ದು ಸುಳ್ಳು. ನನ್ನಿಂದ ತಪ್ಪಾಯಿತು, ಕ್ಷಮಿಸಿ.’ ಹೊರಗೆ ಅಪ್ಪನ ಫೋನು ಟಿಂಗೆಂದಿತು. ಇವಳು ಹೊರಬಂದು ನಿಂತಳು.

“ನೋಡಿದ್ಯಾ, ಆಯಮ್ಮನ್ನ ಹೆದರಿಸಿ ಬರೆಸಿದಾರೆ!” ಅಪ್ಪ ಎದ್ದೇ ನಿಂತರು. “ತಪ್ಪಾಯಿತು, ಕ್ಷಮಿಸಿ ಅಂತೆ! ಇಷ್ಟು ವರ್ಷ ಸಂಸಾರ ಮಾಡಿದೀನಿ, ನಿಮ್ಮಮ್ಮ ಒಂದು ದಿನ ತಪ್ಪಾಯ್ತು ಅಂದಿದ್ದುಂಟಾ?” ಅಂದವರು ತಾವೇ ತಡವರಿಸಿದರು. “ಅಂದ್ರೆ… ಆಯಮ್ಮನೂ ಅದೇ ಥರ. ಅದಕ್ಕೆ ಹೇಳ್ದೆ.”

ಮಗಳು ಅವರ ಪಕ್ಕಕ್ಕೆ ಬಂದಳು. “ಅಪ್ಪಾ, ದೊಡ್ಡಮ್ಮ ನಾನೇ. ಎಲ್ಲಾ ನಾನೇ ಬರೆದಿದ್ದು.”

“ನೀನಾ? ಒಂದು ರಜಾಚೀಟಿ ಬರಿಯೋಕೂ ನನ್ನ ಜೀವ ತಿಂತಿದ್ದೋಳು! ಮಾಮನ ಮೇಲಿನ ಪ್ರೀತಿಗೆ ಏನೇನೋ ಕಟ್ಟಬೇಡ.”

ಟಿಕೆಟ್ ನೋಡದೆ ದೇವರನ್ನೂ ಬಸ್ ಹತ್ತಿಸದ ಮನುಷ್ಯ ಅವರು. ಬಾಯಿಮಾತಿಗೆ ಬಗ್ಗುವವರಲ್ಲ. ಇವಳು ಅಲ್ಲೇ, ಅವರ ಕಣ್ಣೆದುರಿಗೇ, ದೊಡ್ಡಮ್ಮನ ಹೆಸರಿನಲ್ಲಿ ಅವರೊಬ್ಬರಿಗೇ ಟೈಪ್ ಮಾಡಿದಳು. ಅಪ್ಪನ ಫೋನು ಮತ್ತೆ ಟಿಂಗೆಂದಿತು. ಅವರು ಕನ್ನಡಕ ಏರಿಸಿ ಓದಿದರು: ‘ಏನೂಂದ್ರೆ, ಒದ್ದೆ ಟವಲ್ ಹಾಸಿಗೆ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?’

ಅಪ್ಪ ಹಾಸಿಗೆಯ ಕಡೆ ನೋಡಿದರು. ಟವಲ್ ಅಲ್ಲೇ ಬಿದ್ದಿತ್ತು. ಅದನ್ನು ಎತ್ತಿ, ಹೊರಗಿನ ತಂತಿಗೆ ಹರವಿ ಬಂದು ಕೂತರು.

“ನಿಮ್ಮಮ್ಮನ ಬಾಯಲ್ಲಿ ಅವನ ಮೇಲೆ ಇದನ್ನ ಹೇಳಿಸಿದ್ಯಲ್ಲೇ,” ಎಂದರು ಕೊನೆಗೆ. “ನಡಿ. ಅವನ ಹತ್ರ ಹೋಗಿ ನಿನ್ನ ಬಾಯಲ್ಲೇ ಹೇಳು.”

ಸಲೂನಿನ ಮುಂದೆ ಬೀದಿಯ ನಾಲ್ಕಾರು ಜನ ಮಾಮನನ್ನು ಸುತ್ತುವರಿದು, ಅಡ್ವಾನ್ಸ್ ಎಷ್ಟಯ್ಯಾ ಎಂದು ಕೇಳುತ್ತಿದ್ದರು. ಎದುರಿನ ಬೇಕರಿಯವನ ದನಿ ಎಲ್ಲರಿಗಿಂತ ಜೋರು. ಮಾಮ ಕೈಯಲ್ಲಿ ಸೋಪಿನ ಬ್ರಷ್ ಹಿಡಿದು ನಿಂತಿದ್ದ, ಕುರ್ಚಿಗಳೆರಡೂ ಖಾಲಿ.

“ಸುಳ್ಳು ಕಣ್ರಯ್ಯಾ, ಎಲ್ಲಾ ಸುಳ್ಳು,” ಎಂದರು ಅಪ್ಪ. “ಬರೆದೋಳು ನನ್ನ ಮಗಳು. ಹೇಳೇ.”

ಅವಳು ಹೇಳಿದಳು. ಆಫೀಸು, ಮೇಜು, ಲೀಡರ್, ಒಂದನ್ನೂ ಬಿಡಲಿಲ್ಲ. ಮಾಮ ಅವಳನ್ನೇ ನೋಡಿ, “ನೀನಾ ಮಗಳೇ?” ಎಂದ, ಅಷ್ಟೇ.

ಉಳಿದವರು ಕೇಳಿಸಿಕೊಂಡದ್ದಕ್ಕಿಂತ ವಿಡಿಯೋ ಹಿಡಿದದ್ದೇ ಹೆಚ್ಚು. ಬೇಕರಿಯವನು ನಕ್ಕುಬಿಟ್ಟ. “ಕಂಡಕ್ಟರ್ ಸಾಹೇಬ್ರೇ, ನಿಮಗೆಷ್ಟು ಸಿಕ್ತು ಪಾಲು? ದೊಡ್ಡಮ್ಮ ಅಂದ್ರೆ ಈ ಹುಡುಗೀನಾ? ನಮ್ಮ ಕಿವೀಲಿ ಹೂವು ಕಾಣ್ತಿದ್ಯಾ?” ಎಂದು ವಿಡಿಯೋವನ್ನು ಅಲ್ಲಿಂದಲೇ ಹರಿಬಿಟ್ಟ.

ಜನ ಇನ್ನೂ ಚದುರಿರಲಿಲ್ಲ, ಎಲ್ಲರ ಫೋನುಗಳೂ ಒಟ್ಟಿಗೇ ಟಿಂಗೆಂದವು. ಇವಳು ತನ್ನ ಫೋನು ಮುಟ್ಟಿಯೇ ಇರಲಿಲ್ಲ. ಬೇಕರಿಯವನು ಗಟ್ಟಿಯಾಗಿ ಓದಿದ: “ಅಯ್ಯೋ ನನ್ನ ಮಕ್ಕಳಾ, ಯಾವುದೋ ಹುಡುಗಿ ಸಲೂನಿನ ಮುಂದೆ ನಿಂತು ನಾನೇ ದೊಡ್ಡಮ್ಮ ಅಂತಿದಾಳಂತೆ! ಅವಳನ್ನ ಹೆತ್ತೋಳು ಇದ್ದಿದ್ರೆ ಕಿವಿ ಹಿಂಡಿ ಒಳಗೆ ಕೂರಿಸ್ತಿದ್ಲು. ಅನ್ನ ತಿನ್ನೋ ಬಾಯಲ್ಲಿ ಇಂಥ ಮಾತು ಬರುತ್ತಾ ಕಂದಾ? ಹೋಗು, ಮುಖ ತೊಳ್ಕೊಂಡು ಊಟ ಮಾಡು.”

ದೊಡ್ಡಮ್ಮನ ಖಾತೆಯ ಪಾಸ್‌ವರ್ಡ್ ಲೀಡರ್ ಬಳಿಯೂ ಇತ್ತು. ಅವಳು ಬರೆದದ್ದನ್ನೆಲ್ಲ ಕಂಪ್ಯೂಟರಿಗೆ ಉಣಿಸಿದರೆ ಅದು ಅದೇ ಧಾಟಿಯಲ್ಲಿ ಬರೆದುಕೊಡುತ್ತದೆಂದು ಅವನೊಮ್ಮೆ ತೋರಿಸಿದ್ದ. ಆಗ ಇವಳೂ ನಕ್ಕಿದ್ದಳು. ಈಗ ಅಮ್ಮ, ಸತ್ತ ಅಮ್ಮ, ಮಗಳು ಸುಳ್ಳಿ ಎಂದು ಬೀದಿಗೆಲ್ಲ ಸಾರುತ್ತಿದ್ದಳು. ಊಟಕ್ಕೂ ಕರೆಯುತ್ತಿದ್ದಳು.

ಅಪ್ಪ ತಮ್ಮ ಫೋನಿನಲ್ಲಿ ಅದನ್ನೇ ಮತ್ತೆ ಮತ್ತೆ ಓದುತ್ತಿದ್ದರು. ಆಮೇಲೆ ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಉತ್ತರ ಬರೆಯತೊಡಗಿದರು. ಅವಳು ಭುಜದ ಮೇಲಿಂದ ಇಣುಕಿದಳು.

‘ಲೇ, ಬೈಬೇಡ್ವೇ ಅವಳನ್ನ. ಮಗು ನಿಜಾನೇ ಹೇಳ್ತಿರೋದು.’

“ಅಪ್ಪಾ, ಅದು ಅಮ್ಮ ಅಲ್ಲಪ್ಪಾ.”

“ಗೊತ್ತಮ್ಮ, ಗೊತ್ತು,” ಎಂದು ಅಪ್ಪ ಕಳಿಸಿಯೇಬಿಟ್ಟರು. ಕಳಿಸಿ, ಏನಾದರೂ ಹೇಳುತ್ತಾಳೇನೋ ಎಂದು ಫೋನು ನೋಡುತ್ತಾ ನಿಂತರು. ಅವರ ಮಾತಿನ ಕೆಳಗೆ ನಗುವ ಮುಖಗಳು ಒಂದೊಂದಾಗಿ ಬಂದು ಸೇರತೊಡಗಿದವು.