ಹಿಂದೆ ನೋಡದ ಡ್ರೈವರ್

ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ನಾನು ಹಿಂದೆ ನೋಡಿದವನಲ್ಲ. ಕಂಡಕ್ಟರ್ ಇಳಿದು ಹಿಂಬದಿಯ ತಗಡನ್ನು ಎರಡು ಸಲ ತಟ್ಟಿದರೆ ಬಾ ಎಂದರ್ಥ, ಒಂದೇ ಪೆಟ್ಟಾದರೆ ನಿಲ್ಲು. ಹನ್ನೆರಡು ವರ್ಷ ಆ ಕೈಯೊಂದನ್ನೇ ನಂಬಿ, ಗೋಡೆಗೆ ಗೇಣು ದೂರದವರೆಗೆ ಬಸ್ಸು ತಂದಿದ್ದೇನೆ.

ಅಂಥವನಿಗೆ ಹೇಳದೆ ಇನ್ಯಾರಿಗೆ ಹೇಳಲಿ? ನನ್ನ ಕಾಯಿಲೆ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಗುದದ್ವಾರದಲ್ಲಿ ಬಿರುಕು. ವರ್ಷದಿಂದ ಬೆಳಿಗ್ಗೆ ಕಕ್ಕಸಿಗೆ ಹೋದರೆ ಗಾಜಿನ ಚೂರು ಇಳಿದಂತೆ. ಆಮೇಲೆ ಎರಡು ತಾಸು ಸೀಟಿಗೆ ದಿಂಬು ಹಾಕಿ, ಒಂದೇ ಕುಂಡೆಯ ಮೇಲೆ ಕೂತು ಬಸ್ಸು ಓಡಿಸಬೇಕು. ಮುಲಾಮು ಹಚ್ಚಿದ್ದಾಯಿತು, ಬಿಸಿನೀರಿನ ಟಬ್ಬಿನಲ್ಲಿ ಕೂತಿದ್ದಾಯಿತು. ಕೊನೆಗೆ ಡಾಕ್ಟರಮ್ಮ, "ಬೊಟಾಕ್ಸ್ ಇಂಜೆಕ್ಷನ್ ಕೊಡ್ತೀನಿ. ಅಲ್ಲಿನ ಸ್ನಾಯು ಬಿಗಿ ಹಿಡ್ಕೊಂಡು ಗಾಯಕ್ಕೆ ರಕ್ತ ಹೋಗ್ತಿಲ್ಲ. ಸಡಿಲ ಆದ್ರೆ ತಾನೇ ಮಾಯುತ್ತೆ" ಎಂದರು.

"ಮುಖದ ಸುಕ್ಕಿಗೆ ಹಾಕೋದಲ್ವಾ ಅದು?"

"ಅದೇ. ಕೆಲವು ದಿನ ಗಾಳಿ ತಡೆಯೋದು ಕಷ್ಟ ಆಗ್ಬಹುದು, ಆಮೇಲೆ ಸರಿಹೋಗುತ್ತೆ."

ಇಂಜೆಕ್ಷನ್ ಆದಮೇಲೆ ಕೊನೆಯ ನಿಲ್ದಾಣದಲ್ಲಿ ಕಕ್ಕಸಿಗೆ ಹೋಗಿಬರಲು ಐದು ನಿಮಿಷ ಹೆಚ್ಚು ನಿಲ್ಲಬೇಕಿತ್ತಲ್ಲ, ಕಂಡಕ್ಟರಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕ. "ಅಣ್ಣಾ, ಇನ್ಮೇಲೆ ನಿನ್ ಮುಖಕ್ಕಿಂತ ಅದೇ ಚೆನ್ನಾಗ್ ಕಾಣುತ್ತೆ ಬಿಡು" ಎಂದ. ನಾನೂ ನಕ್ಕೆ.

"ಹೆಂಡ್ತೀನ ಬಿಟ್ರೆ ನಿಂಗೊಬ್ನಿಗೇ ಹೇಳಿರೋದು."

"ನನ್ ಬಾಯಿಗೆ ಬೀಗ ಅಣ್ಣಾ."

ಹತ್ತನೇ ದಿನ ಡಿಪೋ ಮ್ಯಾನೇಜರ್ ಕರೆದ. ಮೆಕ್ಯಾನಿಕ್‌ಗಳೆಲ್ಲ ಕೇಳುವಂತೆ ಸಹಿಯಿಲ್ಲದ ಅರ್ಜಿಯೊಂದನ್ನು ಓದಿದ: ಈ ಡ್ರೈವರಿಗೆ ಗುದದಲ್ಲಿ ಇಂಜೆಕ್ಷನ್ ಆಗಿದೆ, ಹಿಡಿತ ತಪ್ಪಿದೆ, ಪ್ರಯಾಣಿಕರ ಜೀವದ ಪ್ರಶ್ನೆ. ಯಾರೋ ಬಾಯಲ್ಲೇ 'ಪುಸ್' ಎಂದರು. ನಾನು ಕಾಗದ ಇಸಿದುಕೊಂಡು ನೋಡಿದೆ. ದಿನಾ ಟ್ರಿಪ್ ಶೀಟಿನಲ್ಲಿ ನೋಡುವ ಕಂಡಕ್ಟರನ ಅದೇ ಅಕ್ಷರ. ನನ್ನನ್ನು ಟೈರ್ ಶೆಡ್ಡಿಗೆ ಹಾಕಿದರು. ನನ್ನ ಸೀಟಿನಲ್ಲಿ ಬಂದು ಕೂತವನು ಕಂಡಕ್ಟರನ ಭಾಮೈದ!

ಎರಡು ತಿಂಗಳು ಟೈರ್ ಉರುಳಿಸಿದೆ. ಅಷ್ಟರಲ್ಲಿ ಗಾಯ ಪೂರ್ತಿ ಮಾಯಿತು. ಡಾಕ್ಟರಮ್ಮ ಬರೆದುಕೊಟ್ಟ ಫಿಟ್ನೆಸ್ ಸರ್ಟಿಫಿಕೇಟನ್ನು ಮ್ಯಾನೇಜರನ ಮೇಜಿನ ಮೇಲೆ ಕುಕ್ಕಿ ನನ್ನ ಬಸ್ಸು ವಾಪಸ್ ಪಡೆದೆ. ಕಂಡಕ್ಟರ್ ಮಾತ್ರ ಅವನೇ.

"ನಿನ್ ಒಳ್ಳೇದಕ್ಕೇ ಬರ್ದೆ ಅಣ್ಣಾ, ಸ್ವಲ್ಪ ರೆಸ್ಟ್ ಸಿಗ್ಲಿ ಅಂತ" ಎಂದ. ಉಂಡ ಮನೆಯ ಜಂತೆ ಎಣಿಸುವವನಿಗೆ ಮಾತಿಗೇನು ಬರವೇ? ದಿಂಬಿಲ್ಲದೆ, ಎರಡೂ ಕುಂಡೆ ಊರಿ ಸೀಟಿನಲ್ಲಿ ಕೂತೆ. ನೋವಿನ ಸುಳಿವಿಲ್ಲ. ಈ ಸುಖವನ್ನೂ ನೆಮ್ಮದಿಯಾಗಿ ಅನುಭವಿಸಲು ಬಿಡಲಿಲ್ಲವಲ್ಲ ಪಾಪಿ ಎಂದು ಕಣ್ಣು ತುಂಬಿ ಬಂತು.

ಕೊನೆಯ ನಿಲ್ದಾಣದಲ್ಲಿ ಅವನು ಇಳಿದು ಹಿಂದೆ ಹೋದ. ಎರಡು ಪೆಟ್ಟು ಕೇಳಿಸಿತು. ನನ್ನ ಕಾಲು ಬ್ರೇಕಿನಿಂದ ಏಳಲಿಲ್ಲ. ಮತ್ತೆ ಎರಡು ಪೆಟ್ಟು. ಇಂಜಿನ್ ಆಫ್ ಮಾಡಿ, ಇಳಿದು, ಹಿಂದಕ್ಕೆ ನಡೆದು ನೋಡಿದೆ. ಗೋಡೆಗೆ ಇನ್ನೂ ಎರಡು ಮಾರು ಜಾಗವಿತ್ತು. ಅವನು ಸರಿಯಾಗಿಯೇ ತಟ್ಟಿದ್ದ.

"ಏನಣ್ಣಾ, ನನ್ ಮೇಲೆ ನಂಬಿಕೆ ಇಲ್ವಾ?" ತಗಡಿನ ಮೇಲೆ ಅವನ ಕೈ ಹಾಗೇ ಇತ್ತು.

"ಇತ್ತು" ಎಂದೆ. ಹತ್ತಿ ಕೂತು, ಕಿಟಕಿಯಿಂದ ಕತ್ತು ಹೊರಚಾಚಿ, ನಾನೇ ಹಿಂದೆ ನೋಡುತ್ತ ಬಸ್ಸು ತೆಗೆದೆ.