ಅಕ್ಕನ ಹೆಸರಿನಲ್ಲಿ ನಾನು

ಮತ್ತೆ ಅದೇ ಸದ್ದು, ಒಳಕೋಣೆಯಲ್ಲಿ ಕುರ್ಚಿಯ ಕಾಲು ನೆಲಕ್ಕೆ ಉಜ್ಜುತ್ತಿದೆ, ಅಕ್ಕನ ಮಗ ಮೊಂಡ, ಕುರ್ಚಿಯನ್ನು ಬೋರಲು ಹಾಕಿ ಬಸ್ಸು ಓಡಿಸುತ್ತಿದ್ದಾನೆ, ಅವನನ್ನು ಮೊಂಡ ಎಂದು ಮೊದಲು ಕರೆದವಳು ನಾನೇ, ನಡೆಯಲು ಕಲಿಯುವಾಗ ಕೈ ಹಿಡಿದರೆ ಕೂತುಬಿಡುತ್ತಿದ್ದ, ಕೈ ಬಿಟ್ಟರೆ ಏಳುತ್ತಿದ್ದ, ಈ ಸದ್ದು ಮುಂದಿನ ತಿಂಗಳು ಈ ಮನೆಯಲ್ಲಿ ಇರುತ್ತದೋ ಇಲ್ಲ ಅಕ್ಕನ ಜೊತೆ ಅವಳು ಕೆಲಸ ಮಾಡುವ ಊರಿಗೆ ಹೋಗಿಬಿಡುತ್ತದೋ, ಮಗು ಅಕ್ಕನಿಗೋ ಭಾವನಿಗೋ, ಅದನ್ನು ನ್ಯಾಯಾಧೀಶರು ನಿರ್ಧರಿಸುತ್ತಾರೆ, ಅವರು ನಿರ್ಧರಿಸುವುದು ನಾನೀಗ ಬರೆಯುತ್ತಿರುವ ಈ ಇಂಗ್ಲಿಷ್ ಹೇಳಿಕೆಯನ್ನು ಓದಿ, ಅಕ್ಕ ನನ್ನ ಬೆನ್ನ ಹಿಂದೆಯೇ ಮಂಚದ ಮೇಲೆ ಕೂತಿದ್ದಾಳೆ, ಅವಳ ಉಸಿರು ನನ್ನ ಕುತ್ತಿಗೆಗೆ ತಾಗುವಷ್ಟು ಹತ್ತಿರ, ಆಯ್ತೇನೇ, ಇಲ್ಲಕ್ಕ ಇನ್ನೂ, ಬೇಗ ಬರಿಯೇ, ವಕೀಲರು ಸಂಜೆಯೊಳಗೆ ಕಳಿಸಿ ಅಂದಿದಾರೆ. ಅಕ್ಕನ ಹೇಳಿಕೆ, ಅಕ್ಕನ ಸಹಿ, ಬರೆಯುವ ಕೈ ಮಾತ್ರ ನನ್ನದು, ಏಕೆಂದರೆ ಮನೆಯಲ್ಲಿ ಇಂಗ್ಲಿಷ್ ಪಾಠ ಹೇಳಿಕೊಡುವವಳು ನಾನು, ಕೆಲಸಕ್ಕೆ ಅರ್ಜಿ ಹಾಕುವವರಿಗೆ, ಬಡ್ತಿ ಬೇಕಾದ ಗುಮಾಸ್ತರಿಗೆ, ಅಂಗಡಿಯವರಿಗೆ, ಅವರ ವಾಕ್ಯಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಯಾರು ಎಂದು ಬರೆದು ಬರೆದು ನನ್ನ ಬೆರಳಿಗೇ ಆ ಪ್ರಶ್ನೆ ಅಂಟಿಕೊಂಡಿದೆ — ಇಲ್ಲಿ ಹೀ ಅಂದರೆ ಯಾರು, ಇಲ್ಲಿ ಶೀ ಅಂದರೆ ಯಾರು, ಸರ್ವನಾಮ ಬಂದ ಕಡೆ ಓದುವವನು ಹಿಂದೆ ತಿರುಗಿ ಹುಡುಕಬಾರದು, ಹುಡುಕಿದರೆ ಒಬ್ಬರೇ ಸಿಗಬೇಕು. ನನ್ನ ಚಿಕ್ಕಪ್ಪ ಅಧಿಕಾರಿಯ ಡ್ರೈವರನ್ನು ಕಂಡರು, ಹೀ ಹಿಟ್ ಹಿಮ್, ಅವನು ಅವನಿಗೆ ಹೊಡೆದನು ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದಿದ್ದ ಒಬ್ಬ ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿದೆ, ಯಾರು ಯಾರಿಗೆ ಹೊಡೆದದ್ದು ಸಾರ್, ಅವರು ಕ್ಷಣ ಯೋಚಿಸಿ, ಇಬ್ರೂ ಹೊಡ್ಕೊಂಡ್ರು ಮೇಡಂ, ಬರೆದಿರೋದು ಸರಿಯಾಗೇ ಇದೆ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಇನ್ನೊಬ್ಬ ಗುಮಾಸ್ತ ತನ್ನ ತಂದೆಯ ಬಗ್ಗೆ ಪುಟ ತುಂಬ ಹೀ ಬದಲು ದೇ, ದೇ ಎಂದೇ ಬರೆದಿದ್ದ, ಎಷ್ಟು ಜನ ಅಪ್ಪಂದಿರು ನಿಮಗೆ ಎಂದರೆ ಮುಖ ಕೆಂಪಗೆ ಮಾಡಿಕೊಂಡು, ಹೀ ಅಂದ್ರೆ ಅಪ್ಪನ್ನ ಅವನು ಅಂದಂಗಾಗಲ್ವಾ ಮೇಡಂ, ಬಾಯೇ ಬರಲ್ಲ. ಬಾಯಿ ಬರುವುದಿಲ್ಲ, ನಿಜ, ನನಗೂ ಈಗ ಬಾಯಿ ಬರುತ್ತಿಲ್ಲ, ಪರದೆಯ ಮೇಲೆ ಐ ಎಂಬ ಒಂಟಿ ಅಕ್ಷರ ಊರಾಚೆಯ ವಿದ್ಯುತ್ ಕಂಬದ ಹಾಗೆ ನಿಂತಿದೆ, ಅದರ ಮುಂದೆ ಬರಬೇಕಾದದ್ದು ಬರುತ್ತಿಲ್ಲ.

ವಕೀಲರು ಹೇಳಿದ್ದು ಸ್ಪಷ್ಟವಾಗಿತ್ತು, ಅವರ ಕಚೇರಿಯ ಫ್ಯಾನು ಕಿರಗುಟ್ಟುತ್ತಿತ್ತು, ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಅಕ್ಕನನ್ನಲ್ಲ, ನೋಡಮ್ಮ, ಚಿಕ್ಕಮ್ಮ ಸಾಕಿದಳು ಅಂತ ಒಂದು ಕಡೆ ಬಂದರೂ ತಾಯಿ ಸಾಕಲಿಲ್ಲ ಅಂತ ಎದುರು ಪಕ್ಷದವರು ಅದನ್ನೇ ಎತ್ತಿ ಹಿಡಿತಾರೆ, ನಾವು ಅಂತಾನೂ ಬೇಡ, ನಾವು ಅಂದ್ರೆ ಯಾರ್ಯಾರು ಅಂತ ಕೇಳ್ತಾರೆ, ಎಲ್ಲ ನಾನು, ನಾನು, ನಾನು, ಅರ್ಥ ಆಯ್ತಲ್ಲ. ಅರ್ಥವಾಯಿತು. ಅಕ್ಕ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಂತು ಪರಊರಿನವರ ಸಾಮಾನು ತೂಗುತ್ತಿದ್ದಾಗ ಮೊಂಡ ಇಲ್ಲಿ ನನ್ನ ಸೊಂಟದ ಮೇಲಿದ್ದ, ಆದರೆ ಅವಳು ಅಲ್ಲಿ ನಿಲ್ಲದಿದ್ದರೆ ಈ ಮನೆಯ ಒಲೆ ಉರಿಯುತ್ತಿರಲಿಲ್ಲ, ಅಮ್ಮನ ಔಷಧಿ ಬರುತ್ತಿರಲಿಲ್ಲ, ಅದೂ ನಿಜವೇ, ಭಾನುವಾರ ಬಂದಾಗ ಮಗು ಅವಳನ್ನು ನೋಡಿ ನನ್ನ ಸೆರಗಿನ ಹಿಂದೆ ಅಡಗಿಕೊಂಡರೆ ಅವಳು ನಗುತ್ತಿದ್ದಳು, ಮೊಂಡ ಕಣೋ ನೀನು, ನಗುತ್ತ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಿದ್ದಳು, ನಾವು ಹೊರಗಿನಿಂದ ನೀರಿನ ಸದ್ದು ಕೇಳುತ್ತಿದ್ದೆವು, ಯಾರೂ ಏನೂ ಕೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕೇಳುವ ಪದ್ಧತಿಯೇ ಇಲ್ಲ. ಕೆಲಸ ಮಾಡಿದವರ ಹೆಸರೂ ಬರುವುದಿಲ್ಲ, ಹಾಲು ಕಾಯ್ತು, ಬಟ್ಟೆ ಒಗೆದಾಯ್ತು, ಮಗುವಿಗೆ ಊಟ ಆಯ್ತು, ಜ್ವರ ಇಳೀತು, ಎಲ್ಲ ತಾನಾಗಿಯೇ ಆದ ಹಾಗೆ, ಅಮ್ಮ ಹಾಗೆಯೇ ಮಾತಾಡುತ್ತಿದ್ದಳು, ನಾವೂ ಹಾಗೆಯೇ ಮಾತಾಡುತ್ತೇವೆ, ಅದರಲ್ಲಿ ಎಷ್ಟು ಸುಖವಿತ್ತು ಎಂದು ಈ ಭಾಷೆಯ ಮುಂದೆ ಕೂತಾಗಲೇ ತಿಳಿದದ್ದು, ಇದು ಪ್ರತಿ ಬಾಗಿಲಲ್ಲೂ ನಿಲ್ಲಿಸಿ ಯಾರು, ಯಾರು ಎಂದು ಕೇಳುತ್ತದೆ, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಐ ಫೆಡ್ ಹಿಮ್. ಐ ಬೇತ್ಡ್ ಹಿಮ್. ಐ ಟುಕ್ ಹಿಮ್ ಟು ಸ್ಕೂಲ್. ಸರಿಯಾದ ವಾಕ್ಯಗಳು, ಕೆಂಪು ಶಾಯಿಗೆ ಕೆಲಸವಿಲ್ಲ, ನಾನೇ ಮಾಡಿದ್ದನ್ನು ನಾನು ಎಂದೇ ಬರೆಯುತ್ತಿದ್ದೇನೆ, ಆದರೂ ಕೆಳಗಿನ ಸಹಿ ಅಕ್ಕನದಾದ ಕೂಡಲೇ ಮೇಲಿನಿಂದ ಕೆಳಗಿನವರೆಗೆ ನಾನು ಅಳಿಸಿಹೋಗುತ್ತೇನೆ. ನಿನ್ನೆ ಭಾವ ಫೋನು ಮಾಡಿದ್ದರು, ಎರಡು ಬೀದಿ ಆಚೆಯಿಂದ, ಭಾವ ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗಿತ್ತು, ನೋಡಮ್ಮ, ನಾನೇನು ಸುಳ್ಳು ಬರಿ ಅಂತಿಲ್ಲ, ನಡೆದದ್ದು ನಡೆದ ಹಾಗೆ ಬರಿ ಸಾಕು, ಮಗು ನನ್ನ ಕಡೆ ಬಂದ್ರೆ ಇನ್ನೆಲ್ಲಿರುತ್ತೆ ಹೇಳು, ಹಗಲೆಲ್ಲ ನಿನ್ನ ಹತ್ರಾನೇ ಇರುತ್ತೆ, ನಂಗೇನು ಅಡುಗೆ ಬರುತ್ತಾ, ಜಡೆ ಹಾಕೋಕೆ ಬರುತ್ತಾ, ಭಾವ, ಅವನು ಹುಡುಗ, ಎಂದೆ, ಹೌದಲ್ಲ, ಎಂದು ಅವರೇ ನಕ್ಕರು. ನಾನು ನಗಲಿಲ್ಲ. ಒಂದು ಐ ತೆಗೆದು ಮೈ ಸಿಸ್ಟರ್ ಎಂದು ಹಾಕಿದರೆ ಸಾಕು, ಅದೇ ಸತ್ಯ, ಅದೇ ನ್ಯಾಯ, ಆ ಕುರ್ಚಿ ಇಲ್ಲೇ ಉಜ್ಜುತ್ತಿರುತ್ತದೆ, ನನಗೆ ಬೇಕಾದದ್ದು ಸತ್ಯದ ಬಟ್ಟೆ ತೊಟ್ಟು ಬಂದು ನಿಂತಿದೆ, ಅದಕ್ಕೇ ಅದರ ಮುಖ ನೋಡಲು ಹೆದರಿಕೆ. ಅಕ್ಕನ ಇಂಗ್ಲಿಷ್ ಸಾಮಾನು ತೂಗುವಷ್ಟು, ಅವಳು ಓದಿದರೂ ತಡವಾಗಿ ಓದುತ್ತಾಳೆ, ಓದದೆಯೂ ಸಹಿ ಹಾಕುತ್ತಾಳೆ, ಏಕೆಂದರೆ ಬರೆದವಳು ನಾನು.

ಒಂದು ಘಟನೆ ಬೇಕು ಅಂದಿದಾರಲ್ಲೇ, ಅಕ್ಕ ಹಿಂದಿನಿಂದ ಹೇಳುತ್ತಾಳೆ, ಮನಸ್ಸಿಗೆ ನಾಟೋ ಹಾಗೆ ಒಂದು, ಆ ರಬ್ಬರ್ ನುಂಗಿದ್ದು ಬರಿ. ಬೇಡ. ಅದೊಂದು ಬೇಡ, ಎಂದೆನೋ, ಎನ್ನಲಿಲ್ಲವೋ. ಮಟಮಟ ಮಧ್ಯಾಹ್ನ, ಬಟ್ಟೆ ಮಡಿಸುತ್ತಿದ್ದೆ, ಮೊಂಡ ಪೆನ್ಸಿಲ್ ಡಬ್ಬಿ ಸುರಿದುಕೊಂಡು ಕೂತಿದ್ದ, ಸದ್ದೇ ಇಲ್ಲ, ಆ ಸದ್ದಿಲ್ಲದಿರುವುದೇ ನನ್ನನ್ನು ತಿರುಗಿಸಿತು, ಮುಖ ನೀಲಿ, ಕಣ್ಣು ನನ್ನ ಮೇಲೆ, ಅಳಲೂ ಉಸಿರಿಲ್ಲ, ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದೆ, ಮತ್ತೆ ಗುದ್ದಿದೆ, ಬಾಯಿ ತೆರೆದರೆ ನಾಲಗೆಯ ಹಿಂದೆ ಬಿಳಿ ತುಂಡು, ಬೆರಳು ಹಾಕಿದೆ, ಅವನು ಕಚ್ಚಿದ, ಬಿಡಲಿಲ್ಲ, ಅಕ್ಕಿಕಾಳಿನಂಥ ಹಲ್ಲುಗಳು, ಅಷ್ಟು ಬಲ ಎಲ್ಲಿತ್ತೋ, ಬೆರಳು ಹಲ್ಲಿನ ನಡುವೆ, ಉಗುರಿಗೆ ರಬ್ಬರ್ ತಾಗಿತು, ಎಳೆದೆ, ಆಮೇಲೆ ಆ ಕಿರುಚಾಟ, ಇಡೀ ಬೀದಿ ಬಾಗಿಲಿಗೆ ಬಂತು, ಜಗತ್ತಿನಲ್ಲಿ ಅದಕ್ಕಿಂತ ಇಂಪಾದದ್ದನ್ನು ನಾನು ಕೇಳಿಲ್ಲ. ಬೆರಳಿನ ರಕ್ತ ಅವನ ತುಟಿಗೆ ಹತ್ತಿತ್ತು, ನೋಡಿದವರು ಮಗುವಿಗೇ ಪೆಟ್ಟಾಗಿದೆ ಅಂದುಕೊಂಡರು. ಅದು ನನ್ನದು. ಸ್ನಾನ, ಊಟ, ಶಾಲೆ ಎಲ್ಲ ಕೊಡಬಲ್ಲೆ, ಯಾರು ಬೇಕಾದರೂ ಮಾಡಬಹುದಾದದ್ದು, ಆದರೆ ಬೆರಳು ಹಲ್ಲಿನ ನಡುವೆ ಇದ್ದ ಆ ಕ್ಷಣ, ಅದನ್ನು ಹೇಗೆ ಕೊಡಲಿ, ಅದರಲ್ಲಿ ಇನ್ನೊಬ್ಬರು ಹಿಡಿಸುವಷ್ಟು ಜಾಗವೇ ಇಲ್ಲ. ಅಕ್ಕ ಮಂಚದಿಂದ ಇಳಿದು ನನ್ನ ಪಕ್ಕದಲ್ಲಿ ನೆಲಕ್ಕೆ ಕೂತಳು, ಕೌಂಟರಿನಲ್ಲಿ ನಿಂತು ನಿಂತು ಊದಿದ ಕಾಲನ್ನು ಚಾಚಿದಳು, ನನ್ನ ಮುಖ ನೋಡದೆ ಹೇಳಿದಳು, ನಿನ್ನ ಭಾವ ನಿಂಗೂ ಫೋನು ಮಾಡಿದ್ರು ಅಲ್ವಾ. ಹೂಂ. ಏನಂದ್ರು ಅಂತ ಕೇಳಲ್ಲ. ಕೇಳ್ಬೇಡ. ನೀನು ಏನು ಬರೆದ್ರೂ ಸಹಿ ಹಾಕ್ತೀನಿ ಕಣೆ, ನಂಗೊತ್ತು ಯಾರು ಸಾಕಿದ್ದು ಅಂತ, ನಂಗೊತ್ತಿಲ್ವಾ, ನೀರು ಜೋರಾಗಿ ಬಿಟ್ಕೊಂಡ್ರೆ ನಿಮಗೆ ಕೇಳ್ಸಲ್ಲ ಅಂದ್ಕೊಂಡಿದ್ನಾ ನಾನು, ಆದ್ರೆ ಈಗ ಈ ಕೇಸು ಹೋದ್ರೆ ಇನ್ನು ನಂಗೆ ಅವನು ಸಿಗಲ್ಲ, ನಿಂಗಾದ್ರೆ ಹೇಗಿದ್ರೂ ಸಿಗ್ತಾನೆ, ಎಲ್ಲಿದ್ರೂ ಚಿಕ್ಕಿ ಚಿಕ್ಕಿ ಅಂತಾನೆ, ನಂಗೆ ಇನ್ನೊಂದು ಸಲ ಮೊದಲಿಂದ ಶುರು ಮಾಡೋಕೆ ಒಂದು ಅವಕಾಶ ಬೇಕಷ್ಟೇ. ಕೈ ತಾನಾಗಿ ಕೀಲಿಗಳ ಮೇಲೆ ಹೋಯಿತು, ಐ, ಜಾಗ, ಪುಟ್, ಜಾಗ, ಮೈ ಫಿಂಗರ್, ಒಂದೊಂದು ಅಕ್ಷರ ಒತ್ತಿದಾಗಲೂ ಏನೋ ಒಂದು ಕಡೆಯಿಂದ ಬಿಡಿಸಿ ಇನ್ನೊಂದು ಕಡೆ ಅಂಟಿಸಿದಂತೆ, ಹೇಳಿಕೆ ಮುಗಿಯಿತು, ಅಕ್ಕ ಪರದೆಯತ್ತ ಬಾಗಿ ತುಟಿ ಅಲ್ಲಾಡಿಸುತ್ತ ಓದಿದಳು, ಕೋರ್ಟಲ್ಲಿ ಕೇಳಿದ್ರೆ ಹೇಳ್ಬೇಕಲ್ಲ, ಸರಿಯಾಗಿ ಕಲಿಸು, ಶೀ ಪುಟ್ — ಶೀ ಅಲ್ಲಕ್ಕ, ಐ. ಐ ಪುಟ್ ಮೈ ಫಿಂಗರ್. ಇನ್ನೊಂದ್ಸಲ. ಐ ಪುಟ್ ಮೈ ಫಿಂಗರ್ ಇನ್ ಹಿಸ್ ಮೌತ್. ಯಾವ ಬೆರಳೇ? ತೋರುಬೆರಳು, ಬಲಗೈದು. ಗುರುತಿದೆಯಾ? ಈಗಿಲ್ಲ. ತುಂಬಾ ನೋವಾಯ್ತಾ? ಅದನ್ನು ಕೋರ್ಟಿನಲ್ಲಿ ಹೇಳಬೇಕಾದವಳು ಅವಳು, ಅವಳಿಗೇ ಗೊತ್ತಿರಬೇಕು, ಕೇಳಿದರೆ ತಡವರಿಸಬಾರದು, ಅಕ್ಕ ತನ್ನ ಬಲಗೈಯ ತೋರುಬೆರಳನ್ನು ನೋಡಿಕೊಂಡಳು, ಬಾಯಿಗೆ ಇಟ್ಟುಕೊಂಡಳು, ಹಲ್ಲು ಮುಚ್ಚಿದಳು, ಪರೀಕ್ಷೆಗೆ ಬಾಯಿಪಾಠ ಮಾಡುವವಳ ಹಾಗೆ ಕಣ್ಣು ಮುಚ್ಚಿ, ಇಷ್ಟು ಜೋರಾ, ಬೆರಳಿನ ಸುತ್ತ ಮಾತು ತೊದಲಿತು, ಇಷ್ಟಾ, ಒಳಗೆ ಕುರ್ಚಿ ನಿಂತಿದೆ, ಮೊಂಡನ ಸದ್ದೇ ಇಲ್ಲ, ಎದ್ದು ಹೋಗಿ ನೋಡಬೇಕು, ನಾನು ಏಳುತ್ತಿಲ್ಲ, ಇನ್ನೂ ಸ್ವಲ್ಪ ಜೋರು ಅಕ್ಕ, ಎನ್ನುತ್ತೇನೆ, ಇದು ನನ್ನದೇ ದನಿ, ಇನ್ನೂ ಸ್ವಲ್ಪ, ಅವಳು ಒತ್ತುತ್ತಾಳೆ, ಬೆರಳಿನ ತುದಿ ಬೆಳ್ಳಗಾಗುತ್ತದೆ, ಮುಚ್ಚಿದ ಕಣ್ಣಿನ ಅಂಚಿನಲ್ಲಿ ನೀರು, ಬಿಡುವುದಿಲ್ಲ, ಹಲ್ಲು, ಬೆರಳು, ಹಲ್ಲಿನ ನಡುವೆ ಅಕ್ಕನ ಬೆರಳು —