ಬಾಳವ್ವ ತಂದ ಗಂಟು

ಟಿವಿಯೊಳಗಿನ ಇಬ್ಬರು ಹುಡುಗಿಯರನ್ನು ತವರು ಮುಟ್ಟಿಸಿದವಳು ನಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅದರಲ್ಲಿ ಅರ್ಧ ಸುಳ್ಳು. ಆ ಧಾರಾವಾಹಿ ಶುರುವಾಗುತ್ತಿದ್ದದ್ದು ಹೀಗೆ: ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಹಿಡಿದ ಇಬ್ಬರು ಹುಡುಗಿಯರು ಎದುರಾಗಿ, ಒಬ್ಬರನ್ನೊಬ್ಬರು ನೋಡಿ, ದಾಟಿ ಹೋಗುತ್ತಿದ್ದರು. ಓದಲಿಕ್ಕಂತೆ, ವರ್ಷದ ಮಟ್ಟಿಗೆ ನಮ್ಮ ಕಡೆಯವಳು ಪರದೇಶದ ಮನೆಗೆ, ಆ ಮನೆಯವಳು ಇವಳ ಮನೆಗೆ.

ನನಗೆ ತಲೆಬುಡ ತಿಳಿಯಲಿಲ್ಲ. ಮದುವೆಯಿಲ್ಲದೆ ಹೆಣ್ಣು ಕೊಟ್ಟು ಹೆಣ್ಣು ತರುವುದುಂಟೇ? ವರ ಯಾವಾಗ ಬರುತ್ತಾನೆಂದು ಓಣಿಯ ಹೆಂಗಸರೆಲ್ಲ ಕಾದೆವು. ಹುಡುಗಿ ಅನ್ನದ ಮುಂದೆ ಕುಳಿತು ಕಣ್ಣೊರೆಸಿಕೊಂಡರೆ ಟಿವಿಯೊಳಗಿಂದ ಸಾವಿರ ಜನ ನಗುತ್ತಿದ್ದರು. ನಾವೂ ನಗಬೇಕೋ ಬೇಡವೋ ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಎಂಟನೆಯ ವಾರ ಇಬ್ಬರೂ ಹೇಳದೆ ಕೇಳದೆ ಓಡಿಬಂದು ನಡುದಾರಿಯ ಯಾವುದೋ ನಿಲ್ದಾಣದಲ್ಲಿ ಎದುರಾದರು. ಒಂಬತ್ತನೆಯ ವಾರ ಆ ಹೊತ್ತಿಗೆ ಕುಸ್ತಿ ಬಂತು. ಧಾರಾವಾಹಿ ನಿಂತೇ ಹೋಗಿತ್ತು.

ಓಣಿಗೆ ಓಣಿಯೇ ಅನ್ನ ಬಿಟ್ಟಿತು. ಟಿವಿ ನನ್ನದಾದ್ದರಿಂದ ಎಲ್ಲರೂ ನನ್ನನ್ನೇ ಕೇಳಿದರು. ಮನೆ ಮುಟ್ಟಿದರು, ತಾಯಂದಿರು ಎಣ್ಣೆ ಹಚ್ಚಿ ಎರೆದರು ಎಂದುಬಿಟ್ಟೆ. ವಾರವಾರ ಬಸ್ಸು ಹಿಡಿದು ನೋಡಲು ಬರುತ್ತಿದ್ದ ಬಾಳವ್ವ ಮಾತ್ರ ಮೂಲೆಯಿಂದ ಕೇಳಿದಳು.

"ಸುಳ್ಳ ಯಾಕ ಹೇಳ್ತೀ ವೈನಿ? ನಾವು ಮುಟ್ಟಿದ್ವೇನು?"

ನಾನು ಅವಳಿಗೆ ವೈನಿ, ಅವಳು ನನಗೆ ವೈನಿ. ಒಂದೇ ಹಂದರದಲ್ಲಿ ನನ್ನನ್ನು ಅವಳಣ್ಣನಿಗೆ ಕೊಟ್ಟು, ಅವಳನ್ನು ನನ್ನಣ್ಣನಿಗೆ ತಂದಿದ್ದರು. ನನ್ನ ಮನೆ ಅವಳ ತವರು, ಅವಳ ಮನೆ ನನ್ನ ತವರು. ಇಂಥ ಸಂಬಂಧದಲ್ಲಿ ಒಬ್ಬಳು ತವರಿಗೆ ಬಂದು ಕುಳಿತರೆ ಇನ್ನೊಬ್ಬಳನ್ನೂ ಹೊರಗೆ ಹಾಕುತ್ತಾರೆ. ಅವಳ ಸಂಸಾರ ಮುರಿದೀತೆಂದು ಮೂರು ವರ್ಷ ಅತ್ತೆಯ ಏಟು ನುಂಗಿದೆ. ನಾಲ್ಕನೆಯ ವರ್ಷ, ಒಂದು ಮಧ್ಯಾಹ್ನ, ತಡೆಯದೆ ಸೀರೆಯ ಗಂಟು ಕಟ್ಟಿಕೊಂಡು ಹೊರಟೆ. ನಡುದಾರಿಯ ಹುಣಸೆಮರದ ಕೆಳಗೆ ಬಾಳವ್ವ ಕುಳಿತಿದ್ದಳು. ತೊಡೆಯ ಮೇಲೆ ಅವಳದೂ ಒಂದು ಗಂಟು.

ಒಬ್ಬರನ್ನೊಬ್ಬರು ನೋಡಿದೆವು. ಆ ಬಯಲಿನಲ್ಲಿ ನಕ್ಕವರು ನಾವಿಬ್ಬರೇ. ಆಮೇಲೆ ಅತ್ತೆವು. ಏಳುವಾಗ ಅವಳು ನನ್ನ ಗಂಟು ಕಸಿದುಕೊಂಡು ತನ್ನದನ್ನು ಕೊಟ್ಟಳು.

"ಇನ್ನ ತಾಳೂದಿಲ್ಲ ಅನಿಸಿದ್ರ ಮೊದಲ ನನ್ನ ಗಂಟು ನನಗ ತಂದು ಕೊಡು. ಒಬ್ಬಾಕಿನ ಹೋಗಬ್ಯಾಡ."

ಇಬ್ಬರೂ ಗಂಡನ ಮನೆಗೇ ತಿರುಗಿ ಹೋದೆವು. ಐವತ್ತು ವರ್ಷ ಇಬ್ಬರೂ ಗಂಟು ತರಲಿಲ್ಲ. ಅವಳ ಗಂಟು ನನ್ನ ಟ್ರಂಕಿನಲ್ಲೇ ಇತ್ತು. ಗಂಡಂದಿರು ಹೋದರು, ಹೊಡೆದವರೂ ಹೋದರು.

ಧಾರಾವಾಹಿ ನಿಂತ ಮರುವಾರ ನೋಡಲು ಏನೂ ಇರಲಿಲ್ಲ. ಆದರೂ ಬಾಳವ್ವ ಬಂದಳು. ಹೊಸ್ತಿಲಾಚೆಯೇ ನಿಂತಳು. ಕಂಕುಳಲ್ಲಿ ನನ್ನ ಹಳೆಯ ಗಂಟು.

"ನಡಿ ವೈನಿ, ತವರಿಗೆ ಹೋಗೂಣು."

ನಾನು ಟ್ರಂಕು ತೆರೆದು ಅವಳ ಗಂಟು ಅವಳಿಗೆ ಕೊಟ್ಟೆ, ನನ್ನದನ್ನು ಇಸಿದುಕೊಂಡೆ. ಮುಂದೇನಾಯಿತು, ಈಗ ನಾನು ಯಾರ ಮನೆಯ ಕಟ್ಟೆಯ ಮೇಲೆ ಕುಳಿತು ಇದನ್ನು ಹೇಳುತ್ತಿದ್ದೇನೆ, ನೀವೇ ಹೇಳಿ ನೋಡೋಣ.